ಪುಡಿ ಡಬ್ಬಿ ತೆರೆಯೋ ಮುಂಚೆ

ಮಗಾ, ಪೊಲೀಸ್ ಸೆಲೆಕ್ಷನ್‌ಗೆ ಬೆಳಿಗ್ಗೆ ಓಡ್ತೀಯ, ಸಂಜೆ ಜಿಮ್ಮಿಗೆ ಹೋಗ್ತೀಯ, ಸಂತೋಷ. ಕ್ರಿಯಾಟಿನ್ ಪುಡಿ ತಿಂದರೆ ಕಿಡ್ನಿ ಹೋಗುತ್ತೆ ಅಂತ ನಿಮ್ಮಮ್ಮ ಹೆದರಿದ್ದಾಳೆ. ಯಾರಿಗೂ ಏನೂ ಆಗಲ್ಲ ಅಂತ ನಿನ್ನ ಜೊತೆ ಹುಡುಗರು ಹೇಳ್ತಾರೆ. ಎರಡೂ ಅರ್ಧರ್ಧ ನಿಜ. ದೊಡ್ಡಪ್ಪನ ಮಾತು ಸ್ವಲ್ಪ ಕೇಳು.

• ನಮ್ಮ ಕಿಡ್ನಿ, ಲಿವರ್ ದಿನಾ ಕ್ರಿಯಾಟಿನ್ ತಯಾರಿಸ್ತಾನೇ ಇರುತ್ತವೆ. ಮಟನ್ನು, ಮೀನಿನಲ್ಲೂ ಇದೆ. 1832ರಲ್ಲಿ ಫ್ರಾನ್ಸಿನ ಶೆವ್ರಲ್ ಅದನ್ನ ಕಂಡುಹಿಡಿದಿದ್ದೇ ಮಾಂಸದಲ್ಲಿ. ಆರೋಗ್ಯವಾಗಿರೋ ಕಿಡ್ನಿಗೆ ಹೇಳಿದ ಅಳತೆಯಲ್ಲಿ ತಗೊಂಡರೆ ಹಾನಿಯಾಗುತ್ತೆ ಅಂತ ಇಷ್ಟು ವರ್ಷದ ಅಧ್ಯಯನಗಳಲ್ಲಿ ಕಂಡುಬಂದಿಲ್ಲ.

• ನಿನಗೆ ಅದು ಬೇಕಾ ಅಂತ ಮೊದಲು ಯೋಚನೆ ಮಾಡು. ಗುಂಡು ಎಸೆಯೋದು, ಭಾರ ಎತ್ತೋದು, ಕೆಲವೇ ಸೆಕೆಂಡಿನ ಬಿರುಸಿಗೆ ಅದು ಒದಗುತ್ತೆ. 1600 ಮೀಟರ್ ಓಟಕ್ಕೆ ಅಷ್ಟು ಉಪಯೋಗ ಇಲ್ಲ. ಮೈ ನೀರು ಹಿಡಿದು ಒಂದು ಕೆಜಿ ತೂಕ ಏರಿದರೆ ಆ ಭಾರಾನೂ ಹೊತ್ತು ಓಡಬೇಕು.

• ದಿನಕ್ಕೆ 3ರಿಂದ 5 ಗ್ರಾಂ ಸಾಕು. ಮೊದಲ ವಾರ ದಿನಾ 20 ಗ್ರಾಂ ಸುರಿದುಕೊಳ್ಳೋ ‘ಲೋಡಿಂಗ್’ ಬೇಡ, ಹೊಟ್ಟೆ ಕೆಡಬಹುದು. ಸಣ್ಣ ಅಳತೆಯಲ್ಲೇ ಮೂರ್ನಾಲ್ಕು ವಾರಕ್ಕೆ ಸ್ನಾಯು ತುಂಬುತ್ತೆ.

• ಶುರು ಮಾಡೋ ಮುಂಚೆ ರಕ್ತ, ಮೂತ್ರ ಎರಡೂ ಪರೀಕ್ಷೆ ಮಾಡಿಸು. ಇದನ್ನ ಮಾತ್ರ ತಪ್ಪಿಸಬೇಡ. ಸ್ನಾಯುವಿನ ಕ್ರಿಯಾಟಿನ್ ಸವೆದು ಕ್ರಿಯಾಟಿನಿನ್ ಆಗುತ್ತೆ, ಲ್ಯಾಬ್‌ನವರು ಕಿಡ್ನಿ ನೋಡೋಕೆ ಅಳೆಯೋದು ಅದನ್ನೇ. ಪುಡಿ ತಿಂದವನಿಗೆ ಅದು ಸ್ವಲ್ಪ ಜಾಸ್ತಿ ಬರೋದು ಸಹಜ. 1.0 ಇದ್ದದ್ದು 1.3 ಆಯ್ತು ಅಂತ ಇಟ್ಕೋ. ಹಳೇ ರಿಪೋರ್ಟ್ ಕೈಲಿಲ್ಲದಿದ್ದರೆ ಅದು ಪುಡಿಯಿಂದ ಬಂತಾ ಕಾಯಿಲೆಯಿಂದ ಬಂತಾ ಅಂತ ಹೇಳೋದು ಕಷ್ಟ. ಪುಡಿ ತಿನ್ನೋ ವಿಷಯ ಡಾಕ್ಟರಿಗೆ ಮುಚ್ಚಿಡಬೇಡ. ಅನುಮಾನ ಬಂದರೆ ಸಿಸ್ಟಾಟಿನ್ ಸಿ ಅನ್ನೋ ಇನ್ನೊಂದು ಪರೀಕ್ಷೆ ಇದೆ, ಪುಡಿಯಿಂದ ಅದು ಏರುಪೇರಾಗಲ್ಲ. ಮೂತ್ರದಲ್ಲಿ ಆಲ್ಬುಮಿನ್ ಹೋಗ್ತಿದೆಯಾ ಅಂತಾನೂ ನೋಡಿಸು. ರಕ್ತ ಕೊಡೋ ಹಿಂದಿನ ದಿನ ಜಿಮ್ಮಿಗೆ ರಜಾ ಹಾಕು, ರಾತ್ರಿ ಮಟನ್ ಊಟ ಬೇಡ.

• ಬಿಪಿ, ಶುಗರ್ ಇರೋರು, ಒಂದೇ ಕಿಡ್ನಿ ಇರೋರು, ಮೊದಲೇ ಕಿಡ್ನಿ ತೊಂದರೆ ಇರೋರು ಡಾಕ್ಟರನ್ನ ಕೇಳದೆ ಡಬ್ಬಿ ಮುಟ್ಟಬಾರದು.

• ನನಗೆ ಪುಡಿಗಿಂತ ಜಾಸ್ತಿ ಭಯ ನೋವಿನ ಮಾತ್ರೆದು. ಮಾವಿನ ಕಾಲದಲ್ಲಿ ನಮ್ಮ ಹುಡುಗರು ಶ್ರೀನಿವಾಸಪುರದ ಮಂಡೀಲಿ ಹಗಲೆಲ್ಲ ಕ್ರೇಟು ಹೊತ್ತು, ಬೆವರಿ ಅಂಗಿ ಉಪ್ಪುಗಟ್ಟಿರುತ್ತೆ. ಸರಿಯಾಗಿ ನೀರೂ ಕುಡಿದಿರಲ್ಲ. ಸಂಜೆ ಸೊಂಟನೋವು ಅಂತ ಮೆಡಿಕಲ್ ಶಾಪಲ್ಲಿ ಡೈಕ್ಲೊಫೆನಾಕ್ ನುಂಗಿ ಮತ್ತೆ ಜಿಮ್ಮಿಗೆ ಹೋಗ್ತಾರೆ. ನೀರಿಲ್ಲದ ಮೈಗೆ ಆ ಮಾತ್ರೆ ಬಿದ್ದರೆ ಕಿಡ್ನಿಗೆ ಹೋಗೋ ರಕ್ತಾನೇ ಕಮ್ಮಿಯಾಗುತ್ತೆ. ಅಂಥ ದಿನ ಜಿಮ್ ಬಿಡು, ಮಜ್ಜಿಗೆ ಕುಡಿದು ಮಲಗು.

• ನಮ್ಮ ಕೋಲಾರ ಸೀಮೆಯ ಆಳದ ಬೋರ್‌ವೆಲ್ ನೀರಲ್ಲಿ ಎಷ್ಟೋ ಕಡೆ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಅದನ್ನ ಹೊರಗೆ ಹಾಕೋದೂ ಕಿಡ್ನಿಯೇ. ಶುದ್ಧ ನೀರಿನ ಘಟಕದ ಕ್ಯಾನ್ ನೀರೇ ಕುಡಿ, ಜಿಮ್ಮಿನ ಬಾಟಲಿಗೂ ಅದನ್ನೇ ತುಂಬಿಸ್ಕೊ.

• ಡಬ್ಬಿ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್, ಬ್ಯಾಚ್, ತಾರೀಕು ನೋಡು. ಬರೀ ಕ್ರಿಯಾಟಿನ್ ಮೊನೊಹೈಡ್ರೇಟ್ ಅಂತ ಇರಲಿ. ಕವರಲ್ಲಿ ಬಿಡಿಯಾಗಿ ಕಟ್ಟಿಕೊಡೋ ಪುಡಿ, ‘ಇದು ಸ್ಪೆಷಲ್ಲು’ ಅನ್ನೋ ಇಂಜೆಕ್ಷನ್ನು ಯಾರು ಕೊಟ್ಟರೂ ಬೇಡ ಅನ್ನು.

• ಜೋರು ಕಸರತ್ತಾದ ಮೇಲೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಮುಖ, ಕಾಲು ಊದಿಕೊಂಡರೆ, ಮೂತ್ರ ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡ. ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಗೆ ಅವತ್ತೇ ಹೊರಡು, ಡಬ್ಬೀನೂ ಜೊತೆಗೆ ಇಟ್ಕೊ. ಹೊತ್ತಲ್ಲದ ಹೊತ್ತಾದರೆ ನನಗೆ ಫೋನ್ ಮಾಡು, ನಾನೂ ಬರ್ತೀನಿ.