ಮೆಲುಕು ಚೆನ್ನಾಗಿದ್ದರೆ ಫ್ಯಾಟ್ ಚೆನ್ನಾಗಿರುತ್ತದೆ



ನುಚ್ಚು, ಪಶು ಆಹಾರ ಹೆಚ್ಚಿಗೆ ಹಾಕಿದರೂ ಸಂಘದ ಚೀಟಿಯಲ್ಲಿ ಫ್ಯಾಟ್ ಇಳಿದಿರುತ್ತದೆ. ಆಗ ಹಾಲು ಪರೀಕ್ಷಕರ ಮೇಲೆ ಅನುಮಾನ ಬರುವುದು ಸಹಜ. ಅದಕ್ಕೂ ಮೊದಲು ಆಕಳಿನ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂದು ತಿಳಿಯೋಣ.

ಆಕಳಿನ ಹೊಟ್ಟೆಯ ನಾಲ್ಕು ಭಾಗಗಳಲ್ಲಿ ದೊಡ್ಡದು ಮೊದಲ ಹೊಟ್ಟೆ. ಇದಕ್ಕೆ ರೂಮೆನ್ ಎನ್ನುತ್ತಾರೆ. ಇಲ್ಲಿರುವ ಸೂಕ್ಷ್ಮಜೀವಿಗಳು ಮೇವನ್ನು ಹುದುಗಿಸಿ ಆಮ್ಲಗಳನ್ನು ತಯಾರಿಸುತ್ತವೆ. ಆಕಳಿಗೆ ಬೇಕಾದ ಶಕ್ತಿಯ ಬಹುಪಾಲು ಇವುಗಳಿಂದಲೇ ಸಿಗುತ್ತದೆ. ಮುಖ್ಯವಾದವು ಮೂರು:

• ಅಸಿಟಿಕ್ ಆಮ್ಲ: ಜೋಳದ ಕಣಿಕೆ, ಹುಲ್ಲಿನಂತಹ ನಾರಿನ ಮೇವಿನಿಂದ ಹೆಚ್ಚು ಬರುತ್ತದೆ. ಕೆಚ್ಚಲು ಇದರಿಂದ ಹಾಲಿನ ಕೊಬ್ಬು ಮಾಡುತ್ತದೆ.
• ಪ್ರೊಪಿಯಾನಿಕ್ ಆಮ್ಲ: ಗೋವಿನಜೋಳದ ನುಚ್ಚಿನಂತಹ ಕಾಳಿನ ಆಹಾರದಿಂದ ಹೆಚ್ಚು. ಯಕೃತ್ತಿನಲ್ಲಿ ಗ್ಲೂಕೋಸ್ ಆಗಿ, ಕೆಚ್ಚಲಿನಲ್ಲಿ ಹಾಲಿನ ಸಕ್ಕರೆಯಾಗುತ್ತದೆ. ಹಾಲಿನ ಪ್ರಮಾಣ ಹೆಚ್ಚಲು ಇದು ಬೇಕು.
• ಬ್ಯುಟಿರಿಕ್ ಆಮ್ಲ: ಪ್ರಮಾಣ ಕಡಿಮೆ, ಇದೂ ಕೊಬ್ಬಿಗೆ ನೆರವಾಗುತ್ತದೆ.

ಹೀಗಾಗಿ ಬರೀ ಕಣಿಕೆ ಹಾಕಿದರೆ ಹಾಲು ಕಡಿಮೆ, ನುಚ್ಚೇ ಹೆಚ್ಚಾದರೆ ಫ್ಯಾಟ್ ಕಡಿಮೆ. ಮೆಲುಕು ಹಾಕುವಾಗ ಬರುವ ಜೊಲ್ಲಿನಲ್ಲಿ ಸೋಡಾದ ಅಂಶವಿದ್ದು, ಹೊಟ್ಟೆಯ ಹುಳಿಯನ್ನು ಹತೋಟಿಯಲ್ಲಿಡುತ್ತದೆ. ನಾರಿಲ್ಲದಿದ್ದರೆ ಮೆಲುಕಿಲ್ಲ, ಮೆಲುಕಿಲ್ಲದಿದ್ದರೆ ಜೊಲ್ಲಿಲ್ಲ.

ಎಚ್ಚರಿಕೆ: ಕೂಡಲಸಂಗಮದ ಸುತ್ತಿನ ನಮ್ಮ ಊರುಗಳಲ್ಲಿ ಜಾತ್ರೆ, ಮದುವೆ ಮುಗಿದ ಮೇಲೆ ಉಳಿದ ಅನ್ನ, ಹುಗ್ಗಿಯನ್ನು ಚೆಲ್ಲಬಾರದೆಂದು ದನಕ್ಕೆ ಹಾಕುವುದುಂಟು. ಇದರಿಂದ ಲ್ಯಾಕ್ಟಿಕ್ ಆಮ್ಲ ಒಮ್ಮೆಲೇ ಹೆಚ್ಚಿ, ಆಕಳು ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಹುಳಿ ವಾಸನೆಯ ತೆಳು ಸಗಣಿ ಹಾಕುತ್ತದೆ, ಕೊನೆಗೆ ನೆಲ ಹಿಡಿಯುತ್ತದೆ. ಒಂದೆರಡು ದಿನದಲ್ಲಿ ಪ್ರಾಣವೇ ಹೋಗಬಹುದು. ಕಾಯಬೇಡಿ, ತಕ್ಷಣ ಪಶುವೈದ್ಯರನ್ನು ಕರೆಸಿ ಅಥವಾ 1962ಕ್ಕೆ ಕರೆ ಮಾಡಿ.

ನೀವು ಮಾಡಬೇಕಾದದ್ದು:

1. ಮೊದಲು ಕಣಿಕೆ ಹಾಕಿ, ಆಮೇಲೆ ಪಶು ಆಹಾರ ಕೊಡಿ.
2. ಪಶು ಆಹಾರ ಮೈ ಪೋಷಣೆಗೆ ಸುಮಾರು 2 ಕೆ.ಜಿ., ಜೊತೆಗೆ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ. ಇದನ್ನು ಎರಡು-ಮೂರು ಸಲ ಹಂಚಿ ಕೊಡಿ.
3. ಕಣಿಕೆಯನ್ನು ಒಂದರಿಂದ ಒಂದೂವರೆ ಇಂಚಿಗೆ ಕತ್ತರಿಸಿ. ಪುಡಿ ಮಾಡಬೇಡಿ.
4. ಮೇವು ಬದಲಿಸುವಾಗ 10–15 ದಿನ ಸ್ವಲ್ಪ ಸ್ವಲ್ಪವಾಗಿ ಬದಲಿಸಿ.
5. ಕುಡಿಯುವ ನೀರು ಸದಾ ಇರಲಿ.

ಇವತ್ತು ಮಧ್ಯಾಹ್ನ ಆಕಳು ಮಲಗಿ ಮೆಲುಕು ಹಾಕುವಾಗ ಹತ್ತಿರ ಕುಳಿತು ಎಣಿಸಿ. ಒಂದು ಉಂಡೆಯನ್ನು 50–60 ಸಲ ಅಗಿದರೆ ಹೊಟ್ಟೆ ಸರಿಯಾಗಿದೆ. 40ಕ್ಕಿಂತ ಕಡಿಮೆಯಾದರೆ ನಾಳೆಯಿಂದಲೇ ನುಚ್ಚು ಇಳಿಸಿ, ಕಣಿಕೆ ಹೆಚ್ಚಿಸಿ.