ಎಡ, ಬಲ ಎಂದು ನಿನ್ನನ್ನು ನೀನೇ ಸೀಳಿಕೊಳ್ಳಬೇಡ

ಮಗಳೇ, ಯಾವುದೋ ಶಿಬಿರದಲ್ಲಿ ನಿನ್ನನ್ನು ‘ಎಡಮಿದುಳಿನವಳು’ ಅಂದರಂತೆ. ಲೆಕ್ಕ ನಿನಗೆ ಒಲಿದಿದೆ, ಹಾಡು-ಚಿತ್ರ ಒಲಿಯುವುದಿಲ್ಲ. ಧ್ಯಾನ ಕಲಿಸಿ ಬಲಮಿದುಳನ್ನು ಎಬ್ಬಿಸುತ್ತೇವೆ, ಇಷ್ಟು ಫೀಸು ಕಟ್ಟು ಅಂದರಂತೆ. ಎಷ್ಟೋ ವರ್ಷದಿಂದ ಬೆಳಗ್ಗೆ ಧ್ಯಾನಕ್ಕೆ ಕೂರುವ ನನಗೆ ಇದನ್ನು ಕೇಳಿ ಸಂಕಟವಾಯಿತು.

ಎಡ-ಬಲದ ಮಾತು ಪೂರಾ ಸುಳ್ಳಲ್ಲ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ, ಮಾತು ನಿಂತುಹೋಗಿದ್ದ ರೋಗಿಯೊಬ್ಬ ತೀರಿಕೊಂಡ ಮೇಲೆ ಅವನ ಮಿದುಳನ್ನು ನೋಡಿದ. ಹಾಳಾಗಿದ್ದದ್ದು ಎಡಗಡೆಯ ಮುಂಭಾಗ. ನೂರು ವರ್ಷದ ಮೇಲೆ ಅಮೆರಿಕದ ರೋಜರ್ ಸ್ಪೆರಿ ಮತ್ತು ಸಂಗಡಿಗರು ಬೇರೊಂದು ಬಗೆಯ ರೋಗಿಗಳನ್ನು ಪರೀಕ್ಷಿಸಿದರು. ಹತೋಟಿಗೆ ಬಾರದ ಮೂರ್ಛೆರೋಗಕ್ಕೆಂದು ಅವರ ಮಿದುಳಿನ ಎರಡು ಅರ್ಧಗಳನ್ನು ಕೂಡಿಸುವ ನರತಂತುಗಳ ಪಟ್ಟಿಯನ್ನೇ ಕತ್ತರಿಸಲಾಗಿತ್ತು. ಕಣ್ಣಿಗೆ ಕಾಣದಂತೆ ಎಡಗೈಯಲ್ಲಿ ಏನಾದರೂ ಇಟ್ಟರೆ ಅದರ ಹೆಸರು ಹೇಳಲು ಅವರಿಗೆ ಬರುತ್ತಿರಲಿಲ್ಲ. ಆದರೆ ಹತ್ತಾರು ವಸ್ತುಗಳ ನಡುವೆ ಅದೇ ಎಡಗೈ ತಡವರಿಸಿ ಅದನ್ನೇ ಹುಡುಕಿ ತೆಗೆಯುತ್ತಿತ್ತು. ಎಡಗೈ ಬಲಮಿದುಳಿನ ಹಿಡಿತದಲ್ಲಿ, ಮಾತು ಎಡಮಿದುಳಿನಲ್ಲಿ; ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ! ಸ್ಪೆರಿಗೆ 1981ರಲ್ಲಿ ನೊಬೆಲ್ ಬಂತು.

ನಿನ್ನ ತಲೆಯೊಳಗೆ ಆ ಪಟ್ಟಿ ಗಟ್ಟಿಯಾಗಿಯೇ ಇದೆ. ಅದರಲ್ಲಿ ಸುಮಾರು 20 ಕೋಟಿ ತಂತುಗಳು. ಎರಡೂ ಕಡೆಗಳು ಕ್ಷಣಕ್ಷಣಕ್ಕೂ ಸುದ್ದಿ ಕೊಟ್ಟು ತೆಗೆದುಕೊಳ್ಳುತ್ತಲೇ ಇರುತ್ತವೆ. 2013ರಲ್ಲಿ ಯೂಟಾ ವಿಶ್ವವಿದ್ಯಾಲಯದವರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್ ನೋಡಿದರು. ಕೆಲವು ಕೆಲಸ ಒಂದು ಕಡೆಗೆ ವಾಲಿದ್ದು ನಿಜ. ಇಡೀ ಮನುಷ್ಯನೇ ಎಡಮಿದುಳಿನವನು, ಬಲಮಿದುಳಿನವನು ಎಂಬುದಕ್ಕೆ ಆಧಾರ ಸಿಗಲಿಲ್ಲ.

ಇನ್ನು ಯೋಗದಲ್ಲಿ ಎಡ-ಬಲ ಹೊಳ್ಳೆಗಳಿಗೆ ಸೇರಿಸಿ ಹೇಳುವ ಇಡಾ-ಪಿಂಗಳಾ ನಾಡಿಗಳ ಮಾತು. ಮೂಗಿನ ಹೊಳ್ಳೆಗಳು ಕೆಲವು ಗಂಟೆಗೊಮ್ಮೆ ತಾವಾಗಿಯೇ ಸರದಿ ಬದಲಿಸುತ್ತವೆ. ಬೆರಳು ಹಿಡಿದು ನೋಡಿದರೆ ನಿನಗೇ ತಿಳಿಯುತ್ತದೆ. ಒಂದೊಂದೇ ಹೊಳ್ಳೆಯಿಂದ ಸರದಿಯಂತೆ ಉಸಿರಾಡುವ ನಾಡಿಶೋಧನ ಮಾಡು, ಉಸಿರು ನಿಧಾನವಾಗುತ್ತದೆ, ಮನಸ್ಸು ತಣ್ಣಗಾಗುತ್ತದೆ. ಆದರೆ ಯೋಗಿಗಳು ಹೇಳಿದ ನಾಡಿಗಳನ್ನು ಮಿದುಳಿನ ನಕ್ಷೆಯ ಮೇಲೆ ಅಂಟಿಸುವುದು ಈಚಿನವರ ಆತುರ. ಅದರಿಂದ ಯೋಗಕ್ಕೂ ಗೌರವವಿಲ್ಲ, ವಿಜ್ಞಾನಕ್ಕೂ ಇಲ್ಲ.

ಧ್ಯಾನಕ್ಕೆ ಇಷ್ಟು ಸಾಕು: ಕಂಬಳಿ ಮಡಿಸಿ ಹಾಕಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂರು. ಉಸಿರು ಹೊಳ್ಳೆಯ ಅಂಚಿಗೆ ತಾಕುವುದನ್ನು ಗಮನಿಸು. ಮನಸ್ಸು ಪರೀಕ್ಷೆಗೋ ಫೋನಿಗೋ ಓಡುತ್ತದೆ, ಓಡಲಿ. ಓಡಿತು ಎಂದು ನಿನಗೆ ಗೊತ್ತಾಗುತ್ತದಲ್ಲ, ಸಾಧನೆ ಇರುವುದು ಅಲ್ಲೇ. ಬೈಯದೆ ಕರೆದುಕೊಂಡು ಬಾ. ದಿನಾ ಹತ್ತು ನಿಮಿಷ ಸಾಕು. ಕೂತಾಗ ಭಯವೋ ದುಃಖವೋ ಉಕ್ಕಿ ಬಂದು ತಡೆಯಲಾಗದಿದ್ದರೆ ಎದ್ದುಬಿಡು, ಮನೆಯಲ್ಲಿ ಹೇಳು, ವೈದ್ಯರನ್ನು ನೋಡು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಆ ಫೀಸು ಮಾತ್ರ ಕಟ್ಟಬೇಡ. ಅದೇ ದುಡ್ಡಿಗೆ ಒಬ್ಬ ಒಳ್ಳೆಯ ಸಂಗೀತದ ಮೇಷ್ಟ್ರ ಹತ್ತಿರ ಸೇರಿಕೋ. ಹಾಡು ನಿನ್ನದಲ್ಲ ಎಂದು ಯಾರೂ ತೀರ್ಪು ಕೊಡುವ ಹಾಗಿಲ್ಲ.