ಮಲ್ಪೆಯ ಕಡಲಿನ ಕಲ್ಲುಕಂಬಗಳು

ಹೈದರಾಬಾದಿನಲ್ಲಿ ನೆಲೆಸಿರುವ ನಮಗೆ ಕಲ್ಲು ಅಪರಿಚಿತವಲ್ಲ. ಗೋಲ್ಕೊಂಡದ ಕೋಟೆ ನಿಂತಿರುವುದು ಕಲ್ಲುಗುಡ್ಡದ ಮೇಲೆ. ಯಾರೋ ಪೇರಿಸಿಟ್ಟಂತೆ ಒಂದರ ಮೇಲೊಂದು ಕುಳಿತಿರುವ ಬಂಡೆಗಳನ್ನು ಬಂಜಾರಾ ಹಿಲ್ಸಿನ ಕಡೆ ನೋಡುತ್ತಲೇ ಇರುತ್ತೇವೆ. ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವುದು ಶಹಾಬಾದಿನ ಇಲ್ಲವೆ ತಾಂಡೂರಿನ ಸುಣ್ಣಕಲ್ಲು. ಆದರೂ ಕಲ್ಲಿಗೊಂದು ಚರಿತ್ರೆಯುಂಟೆಂದು ನಮಗೆ ಮನವರಿಕೆಯಾದದ್ದು ಉಡುಪಿಗೆ ಹೋದಾಗ ಸೇಂಟ್ ಮೇರಿ ದ್ವೀಪವನ್ನು ಕಂಡ ಮೇಲೆಯೇ.

ಮಲ್ಪೆಯಿಂದ ಅಲ್ಲಿಗೆ ದೋಣಿಯಲ್ಲಿ ಹೋಗಬೇಕು. ಮಳೆಗಾಲದಲ್ಲಿ ಕಡಲು ಒರಟಾಗುವುದರಿಂದ ಆಗ ಪ್ರಯಾಣವಿಲ್ಲ. ತೆಂಗಿನ ಮರಗಳ ಆ ಸಣ್ಣ ದ್ವೀಪದ ಅಂಚಿಗೆ ಬಂದೊಡನೆ ನಾವೆಲ್ಲರೂ ಮೌನವಾದೆವು. ಬಡಗಿ ಅಳತೆ ಹಿಡಿದು ಕೊರೆದಂತೆ ಐದು, ಆರು, ಏಳು ಮುಖಗಳ ಕಂಬಗಳು ಒಂದಕ್ಕೊಂದು ಅಂಟಿಕೊಂಡು ನೀರಿನಿಂದ ಮೇಲೆದ್ದಿವೆ. ಯಾವ ಶಿಲ್ಪಿಯೂ ಇವುಗಳ ಮೇಲೆ ಉಳಿ ಇಟ್ಟವನಲ್ಲ.

ಹಾಗಾದರೆ ಇವು ಆದದ್ದು ಹೇಗೆ? ಬೇಸಿಗೆಯಲ್ಲಿ ಬತ್ತಿದ ಕೆರೆಯ ಅಂಗಳವನ್ನು ನೆನೆಯಿರಿ. ಕೆಸರು ಒಣಗುವಾಗ ಕುಗ್ಗುತ್ತದೆ. ಕುಗ್ಗಿದಾಗ ಬಿರಿದು ಹಲವು ಮೂಲೆಗಳ ಹೆಂಟೆಗಳಾಗುತ್ತದೆ. ಭೂಗರ್ಭದಿಂದ ಉಕ್ಕಿದ ಶಿಲಾರಸವೂ ಆರುವಾಗ ಹೀಗೆಯೇ ಕುಗ್ಗಿತು. ಬಿರುಕುಗಳು ಮೊದಲು ತಣಿದ ಮೇಲ್ಮೈಯಲ್ಲಿ ಹುಟ್ಟಿ, ಒಳಭಾಗವು ತಣಿದ ಹಾಗೆಲ್ಲ ಆಳಕ್ಕೆ ಇಳಿದುವು. ಬಿರುಕುಗಳ ನಡುವೆ ಉಳಿದದ್ದೇ ಕಂಬ.

ಈ ಶಿಲಾರಸ ಹೊಮ್ಮಿದ್ದು 8 ಕೋಟಿ ವರ್ಷಗಳಿಗೂ ಹಿಂದೆ. ಆಗ ನಮ್ಮ ನೆಲಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್ ಬೇರ್ಪಟ್ಟು ದೂರ ಸರಿಯಿತು. ಆ ಅಗಲಿಕೆಗೆ ಈ ಕಂಬಗಳೇ ಸಾಕ್ಷಿಯೆಂದು ಭೂವಿಜ್ಞಾನಿಗಳು ಹೇಳುತ್ತಾರೆ. 1498ರಲ್ಲಿ ವಾಸ್ಕೊ ಡ ಗಾಮ ಇಲ್ಲಿ ಇಳಿದು ಮೇರಿ ಮಾತೆಯ ಹೆಸರಿಟ್ಟನೆಂಬುದು ಪ್ರತೀತಿ. ಕಂಬಗಳ ವಯಸ್ಸಿನ ಮುಂದೆ ಅದು ನಿನ್ನೆಯ ಮಾತು.

ಕಡಲಿನ ಕಲ್ಲುಗಳೆಲ್ಲ ಹೀಗೆ ಹುಟ್ಟಿದವಲ್ಲ. ಸುಣ್ಣಕಲ್ಲಿನ ತೀರಗಳಲ್ಲಿ ಕೆತ್ತನೆಯ ಕೆಲಸ ನೀರಿನದು. ಮಳೆನೀರು ಕಲ್ಲನ್ನು ಕರಗಿಸುತ್ತದೆ, ಅಲೆಗಳು ಬುಡವನ್ನು ಕೊರೆಯುತ್ತವೆ. ಮೊದಲು ಗವಿ, ಗವಿ ತೂತಾದರೆ ಕಮಾನು, ಕಮಾನಿನ ನೆತ್ತಿ ಕುಸಿದರೆ ಒಂಟಿ ಕಂಬ. ಕೊನೆಗೆ ಅದೂ ಉರುಳುತ್ತದೆ. ಆಸ್ಟ್ರೇಲಿಯದ ಹೆಸರುವಾಸಿಯಾದ ‘ಹನ್ನೆರಡು ಅಪೋಸ್ತಲರು’ ಎಂಬ ಬಂಡೆಗಳಲ್ಲಿ ಒಂದು 2005ರಲ್ಲಿ ಕುಸಿಯಿತು. ಮಾಲ್ಟಾ ದೇಶದ ಗೋಜೋ ದ್ವೀಪದ ಕಲ್ಲುಕಮಾನು 2017ರ ಮಾರ್ಚ್ 8ರಂದು ಬಿರುಗಾಳಿಗೆ ಸಿಕ್ಕಿ ಕಡಲ ಪಾಲಾಯಿತು. ನಮ್ಮ ಉತ್ತರ ಕನ್ನಡದ ಯಾಣದಲ್ಲಿ ಕಾಡಿನ ನಡುವೆ ನಿಂತಿರುವ ಕಪ್ಪು ಶಿಖರಗಳೂ ಸುಣ್ಣಕಲ್ಲೇ. ಅಲ್ಲಿ ಕಡಲಿಲ್ಲ, ಮಳೆಯೇ ಶಿಲ್ಪಿ.

ಹಿಂದಿರುಗುವಾಗ ನಮ್ಮ ಜೊತೆಯ ಹುಡುಗನೊಬ್ಬ ಕಂಬದ ಒಂದು ಚೂರನ್ನು ಜೇಬಿಗೆ ಹಾಕಿಕೊಂಡಿದ್ದ. ಹಿರಿಯರೊಬ್ಬರು ಅದನ್ನು ಕಂಡು ಗದರಲಿಲ್ಲ. “ಮಗು, ಬರುವವರೆಲ್ಲ ಒಂದೊಂದು ಚೂರು ಒಯ್ದರೆ ನಿನ್ನ ಮಕ್ಕಳಿಗೆ ಏನನ್ನು ತೋರಿಸುತ್ತೀಯೆ?” ಎಂದರು. ಹುಡುಗ ಹೋಗಿ ಎತ್ತಿದ ಜಾಗದಲ್ಲೇ ಇಟ್ಟು ಬಂದ.

ಆ ಮಾತು ನಮ್ಮೊಡನೆ ಹೈದರಾಬಾದಿಗೂ ಬಂದಿತು. ಇಲ್ಲಿಯ ಬಂಡೆಗಳು ಸುಮಾರು 250 ಕೋಟಿ ವರ್ಷ ಹಳೆಯವು. ಮಲ್ಪೆಯ ಕಂಬಗಳು ಇವುಗಳ ಮುಂದೆ ಹಸುಗೂಸುಗಳು. ಆದರೂ ಮನೆ ಕಟ್ಟಲು, ರಸ್ತೆ ಮಾಡಲು ಇವುಗಳಲ್ಲಿ ಎಷ್ಟನ್ನೋ ಸಿಡಿಮದ್ದಿನಿಂದ ಒಡೆದದ್ದಾಗಿದೆ. ಕಡಲು ಕೆಡವಿದ್ದಕ್ಕೆ ನಾವು ಹೊಣೆಯಲ್ಲ. ನಾವೇ ಕೆಡವಿದ್ದಕ್ಕೆ ಹೊಣೆ ಯಾರು? ಮುಂದಿನ ರಜೆಗೆ ಮಲ್ಪೆಗೆ ಹೋಗುವ ವಾಚಕರು ಅವಶ್ಯವಾಗಿ ಹೋಗಿ ಬರಲಿ. ಅದಕ್ಕೆ ಮೊದಲು ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು, ತಮ್ಮ ಬೀದಿಯ ಕೊನೆಯಲ್ಲಿ ಇನ್ನೂ ಉಳಿದಿರುವ ಬಂಡೆಯನ್ನೊಮ್ಮೆ ನೋಡಲಿ.